ದೀಪ ಆರುವ ಮೂಲೆ

ನನ್ನ ತಾತ ಹಬೀಬ್ ಸಾಬ್ ನಿಟ್ಟೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಹೊಸ ಮನೆ ಕಟ್ಟಿದ್ದು ಕಡಿಮೆ. ದನ ಮಾರಿದವರ ಖಾಲಿ ಕೊಟ್ಟಿಗೆಗಳನ್ನು ವಾಸದ ಮನೆ ಮಾಡಿಕೊಡುವುದರಲ್ಲಿ ಅವರು ಹೆಸರುವಾಸಿ. ಬಿದ್ದ ಗೋಡೆಯ ಮಣ್ಣನ್ನೇ ನೆನೆಸಿ, ತುಳಿದು, ಮತ್ತೆ ಗೋಡೆ ಏರಿಸುತ್ತಿದ್ದರು. ಹಳೆ ತೊಲೆ ಸೀಳಿ ಬಾಗಿಲು ಮಾಡಿಸುತ್ತಿದ್ದರು. ನೆಲವನ್ನು ಮಾತ್ರ ಅಗೆಯುತ್ತಿರಲಿಲ್ಲ. ಮೂರು ತಲೆಮಾರಿನ ದನಗಳು ತುಳಿದ ನೆಲ ಸಿಮೆಂಟಿಗಿಂತ ಗಟ್ಟಿ ಎನ್ನುತ್ತಿದ್ದರು.

ಈಗ ಹೇಳುವುದು ೧೯೭೨ರ ಮಾತು. ನಾನಿನ್ನೂ ಹುಟ್ಟಿರಲಿಲ್ಲ. ತಾತನ ಜೊತೆ ಮಣ್ಣು ಹೊರುತ್ತಿದ್ದ ಗಂಗಹನುಮಯ್ಯ ಮತ್ತು ಅಮ್ಮ, ಇಬ್ಬರ ಮಾತೂ ಹೊಂದುವಷ್ಟನ್ನೇ ಬರೆದಿದ್ದೇನೆ.

ಆ ವರ್ಷ ತಾತ ಮೊದಲ ಸಲ ತಮಗೇ ಒಂದು ಕೊಟ್ಟಿಗೆ ತೆಗೆದುಕೊಂಡರು. ಅದನ್ನು ಕೊಟ್ಟ ಅಲಮೇಲಮ್ಮ ಕುಣಿಗಲ್ಲಿಗೆ, ತಂಗಿಯ ಮನೆಗೆ ಹೋಗಿದ್ದರು. ತಾತನ ಒಬ್ಬಳೇ ಮಗಳು, ಅಂದರೆ ನನ್ನ ಅಮ್ಮ ಸರ್ವರ್ ಬೇಗಂ, ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತನ ಸ್ವಂತ ಮನೆಯಲ್ಲಾಗಬೇಕೆಂದು ತಾತ ಅವಸರ ಮಾಡಿದರು. ಕೊಟ್ಟಿಗೆಯ ತಗ್ಗಿನ ಮೂಲೆಯಲ್ಲೇ ಮಣ್ಣು ಗುಡ್ಡೆ ಹಾಕಿ, ಇಪ್ಪತ್ತು ದಿನ ಕೊಡಗಟ್ಟಲೆ ನೀರು ಸುರಿದು ಕಲಸಿದರು. ಆಮೇಲೆ ಅದೇ ಮೂಲೆಗೆ ಗೋಡೆ ಎಬ್ಬಿಸಿ ಬಾಣಂತಿ ಕೋಣೆ ಮಾಡಿದರು. ಗಾಳಿ ತಾಗಬಾರದೆಂದು ಕಿಟಕಿ ಇಡಲಿಲ್ಲ.

ಅಕ್ಕ ಖಮರುನ್ನೀಸಾ ಹುಟ್ಟಿದಳು. ಚಾಪೆಯ ಪಕ್ಕದಲ್ಲಿ ಬುಡ್ಡಿ ದೀಪ ಇಟ್ಟರು. ಆರಿಹೋಯಿತು. ಎಣ್ಣೆ ತುಂಬಿತ್ತು, ಬತ್ತಿ ಹೊಸದು. ಗೋಡೆಯ ಗೂಡಿನಲ್ಲಿಟ್ಟರೆ ಅಲುಗದೆ ಉರಿಯುತ್ತಿತ್ತು. ನೆಲಕ್ಕಿಳಿಸಿದರೆ ಯಾರೋ ಎರಡು ಬೆರಳಲ್ಲಿ ಹಿಸುಕಿದ ಹಾಗೆ ಸಣ್ಣಗಾಗುತ್ತಾ ಆರುತ್ತಿತ್ತು. ಒಳಗೆ ಹೋದವರಿಗೆಲ್ಲ ಹಳಸಿದ ಅಂಬಲಿಯ ವಾಸನೆ.

"ಅಲಮೇಲಮ್ಮೋರ ಕಪ್ಪು ಹಸ ಪ್ರಾಣ ಬುಟ್ಟಿದ್ದು ಇದೇ ಮೂಲೇಲಿ, ಸಾಬ್ರೆ. ಜಾಗ ಕೇಳ್ತಾ ಅದೆ," ಎಂದ ಗಂಗಹನುಮಯ್ಯ.

"ಹಸ ದೀಪ ಆರಿಸ್ತದೇನ್ಲಾ?"

"ಮೂಗಲ್ಲಿ ಉಸ್ರು ಬುಟ್ರೆ ಆರಕಿಲ್ವಾ?"

ತಾತ ನಕ್ಕರು. ಅಜ್ಜಿ ಕುಲ್ಸುಂ ಬೀ ನಗಲಿಲ್ಲ. ಕೂಸಿಗೆ ತಾಯಿತ ಕಟ್ಟಿದರು. ನಾಲ್ಕನೆಯ ದಿನ ಕೂಸು ಹಾಲಿಗೂ ಏಳಲಿಲ್ಲ. ಅಂಗಳಕ್ಕೆ ತಂದ ಮೇಲೆ ಕೆಮ್ಮಿ ಅತ್ತಿತು. ಶೀತವಾದೀತೆಂದು ಮತ್ತೆ ಒಳಗೇ ಮಲಗಿಸಿದರು.

ಮರುದಿನ ತಾತ ಮೊದಲ ಬಸ್ಸಿಗೇ ಕುಣಿಗಲ್ಲಿಗೆ ಹೋದರು.

"ಅಮ್ಮಾ, ಆ ಹಸ ಸತ್ತ ಮೂಲೇಲಿ ಏನದೆ? ನಿಜ ಹೇಳ್ಬುಡಿ."

"ಏನಿರುತ್ತೆ ಸಾಬ್ರೆ? ನಮ್ಮತ್ತೆ ಕಾಲದ ರಾಗಿ ಹಗೇವು ಇತ್ತು. ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಬಡಿಸಿದ್ವಿ. ತಳದಲ್ಲಿ ಒಂದಿಷ್ಟು ರಾಗಿ ಉಳಿದಿತ್ತೇನೋ. ನೆಲ ಅಗೆದಾಗ ಕಾಣಲಿಲ್ವಾ?"

ಹಗೇವು ಎಂದರೆ ನೆಲದೊಳಗೆ ತೋಡಿದ ಧಾನ್ಯದ ಗುಂಡಿ. ತೆರೆದ ಕೂಡಲೇ ಅದಕ್ಕೆ ಯಾರೂ ಇಳಿಯುವುದಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿದವನು ಉಳಿಯುವುದಿಲ್ಲ. ತಾತನಿಗೆ ಇದು ಚಿಕ್ಕಂದಿನಿಂದ ಗೊತ್ತಿತ್ತು. ನೀರು ಸುರಿದು ಆ ರಾಗಿಯನ್ನು ಕೊಳೆಸಿ, ಕೆಟ್ಟ ಗಾಳಿ ಕೋಣೆಗೆ ಏರುವಂತೆ ಮಾಡಿದವರೂ ತಾವೇ ಎಂಬುದು ಆಗ ಹೊಳೆಯಿತು. ಅಲಮೇಲಮ್ಮ ಕೊಟ್ಟ ಮಜ್ಜಿಗೆಯನ್ನು ಕೆಳಗಿಟ್ಟು ಓಡಿದರಂತೆ.

ಅವರು ಬರುವಾಗ ಮಧ್ಯಾಹ್ನ. ಕೋಣೆಯ ಬಾಗಿಲು ಮುಚ್ಚಿತ್ತು. ಗೂಡಿನ ದೀಪವೂ ಆರಿತ್ತು. ಗಂಗಹನುಮಯ್ಯ ಅಮ್ಮನನ್ನು ಹೊತ್ತ, ತಾತ ಕೂಸನ್ನು ಎತ್ತಿಕೊಂಡರು. ಬೇವಿನ ಮರದ ಕೆಳಗೆ ಅಮ್ಮ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ತಾತ ಅದರ ಅಂಗಾಲು ತಟ್ಟುತ್ತಲೇ ಇದ್ದರು. ಕಡೆಗೆ ಕೂಸು ಬಿಕ್ಕಳಿಸಿತು, ಆಮೇಲೆ ಅತ್ತಿತು.

ತಾವು ಎಬ್ಬಿಸಿದ ಗೋಡೆಯನ್ನು ತಾತ ಅಂದೇ ಹಾರೆಯಿಂದ ಕೆಡವಿದರು. ನೆಲ ಅಗೆದು ಚಪ್ಪಡಿ ಸರಿಸಿ ದೀಪ ಇಳಿಬಿಟ್ಟರು. ಒಂದು ಮೊಳ ಇಳಿಯುವುದರೊಳಗೆ ಆರಿತು. ಹನ್ನೊಂದು ದಿನ ಬಾಯಿ ತೆರೆದಿಟ್ಟು, ಕೊಳೆತ ರಾಗಿ ಎತ್ತಿಸಿ, ಕೆಡವಿದ ಗೋಡೆಯ ಮಣ್ಣಿನಿಂದಲೇ ಗುಂಡಿ ಮುಚ್ಚಿದರು.

ಆಮೇಲೆ ಯಾರ ಕೊಟ್ಟಿಗೆಗೆ ಹೋದರೂ ಮೊದಲು ನೆಲ ಅಗೆಸುತ್ತಿದ್ದರು. "ಸಾಬ್ರಿಗೆ ನಿಧಿ ಆಸೆ ಹತ್ತೈತೆ," ಎಂದು ಹತ್ತಿರದ ಗುಬ್ಬಿಯವರು ಆಡಿಕೊಂಡರು. ತಾತ ಕಾರಣ ಹೇಳುತ್ತಿರಲಿಲ್ಲ. ಆ ಮನೆಗೆ ಕರೆಂಟು ಬಂದ ಮೇಲೂ ಆ ಮೂಲೆಯ ನೆಲದ ಮೇಲೆ ಬುಡ್ಡಿ ಹಚ್ಚಿಡುತ್ತಿದ್ದರು. ಅದು ಕೊಂಚ ಸಣ್ಣಗಾದರೆ ಸಾಕು, ಉಣ್ಣುತ್ತಿದ್ದ ತಾತ ಎದ್ದು ಅಕ್ಕನ ಕೈ ಹಿಡಿದು ಅಂಗಳಕ್ಕೆ ಕರೆದೊಯ್ಯುತ್ತಿದ್ದರು.