ಅಮ್ಮನ ಅಕ್ಷರದ ಓಮದ ನೀರು

ನನ್ನ ಭಾವ ಮನೆಯಲ್ಲಿ ಜಿನ್ ಇಳಿಸಲು ಶುರು ಮಾಡಿದ್ದು ಮಾನಸಿಕ ಆರೋಗ್ಯಕ್ಕಾಗಿ. ಹಾಗಂತ ಅವರ ಆಫೀಸಿನಿಂದ ಬಂದ ಇ-ಮೇಲಿನಲ್ಲೇ ಇತ್ತು: ಮನೆಯಿಂದ ಕೆಲಸ ಮಾಡುವವರು ಹೊಸ ಹವ್ಯಾಸವೊಂದನ್ನು ಬೆಳೆಸಿಕೊಳ್ಳಬೇಕು. ಅವರ ಟೀಮಿನಲ್ಲಿ ಒಬ್ಬರು ಬ್ರೆಡ್ ಮಾಡಿದರು, ಒಬ್ಬರು ಬಾಲ್ಕನಿಯಲ್ಲಿ ಮೆಣಸಿನ ಗಿಡ ಬೆಳೆಸಿದರು. ಭಾವ ಎರಡು ಲೀಟರಿನ ತಾಮ್ರದ ಭಟ್ಟಿಯೊಂದನ್ನು ಆನ್‌ಲೈನಿನಲ್ಲಿ ತರಿಸಿದರು. ಪೆಟ್ಟಿಗೆಯ ಮೇಲೆ ಸುಗಂಧ ತೈಲ ತೆಗೆಯುವ ಉಪಕರಣ ಎಂದು ಬರೆದಿತ್ತು. ಅಕ್ಕ ಅದನ್ನು ನಂಬಿದಳು. ನಂಬಿದಳೋ, ನಂಬಿದವಳ ಹಾಗೆ ಇದ್ದಳೋ ಎಂಬುದನ್ನು ಮದುವೆಯಾಗದ ನಾನು ಹೇಳಲಾರೆ.

ನಾನಾಗ ಮೆಲಾಕಾದಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ಎಂಸಿಓ, ಅಂದರೆ ಇಲ್ಲಿಯ ಲಾಕ್‌ಡೌನ್ ಬಂದು ಹಾಸ್ಟೆಲ್ ಮುಚ್ಚಿದಾಗ ಒಂದು ಸೂಟ್‌ಕೇಸು, ಒಂದು ಡಬ್ಬ ಪ್ಲಾಸ್ಟಿಕ್ ಮೂಳೆ ಹಿಡಿದುಕೊಂಡು ಪುಚೊಂಗ್‌ನ ಅಕ್ಕನ ಕಾಂಡೋ ಫ್ಲ್ಯಾಟಿಗೆ ಬಂದು ಬಿದ್ದೆ. ಮೊಮ್ಮಗಳ ಏಳನೇ ಹುಟ್ಟುಹಬ್ಬಕ್ಕೆಂದು ಮೈಸೂರಿನಿಂದ ಮೂರು ವಾರದ ಮಟ್ಟಿಗೆ ಬಂದಿದ್ದ ಅಮ್ಮ, ವಿಮಾನ ನಿಂತದ್ದರಿಂದ ಅಲ್ಲೇ ಉಳಿದಿದ್ದಳು. ಅಕ್ಕ, ಭಾವ, ಅವರ ಮಗಳು, ಅಮ್ಮ, ನಾನು. ನನಗೆ ಸೋಫಾ.

ಬಾಡಿಗೆಗೆ ಬದಲಾಗಿ ನಾನು ಮನರಂಜನೆ ಕೊಡುತ್ತಿದ್ದೆ. ಭಾವ ಆಫೀಸ್ ಕಾಲ್‌ನಲ್ಲಿ ಇಲ್ಲಿಯವರ ಇಂಗ್ಲಿಷಿನಲ್ಲಿ "ಕ್ಯಾನ್, ಕ್ಯಾನ್, ನೋ ಪ್ರಾಬ್ಲಂ ಲಾ" ಎನ್ನುತ್ತಿದ್ದರು; ಕಾಲ್ ಮುಗಿದ ಕೂಡಲೇ "ಇವನ ತಲೆ" ಎನ್ನುತ್ತಿದ್ದರು. ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿ ತೋರಿಸುತ್ತಿದ್ದೆ. ಗೇಟಿನ ಗಾರ್ಡು, ಅಕ್ಕ, ಮಸಾಲೆ ಅಂಗಡಿಯ ತಮಿಳು ಆಂಟಿ, ಯಾರನ್ನೂ ಬಿಡಲಿಲ್ಲ. ವೈವಾದಲ್ಲಿ ಉತ್ತರ ಬಾರದಾಗ "ಸರ್, ಇಟ್ ಡಿಪೆಂಡ್ಸ್" ಎಂದು ಮೇಲೆ ನೋಡುವ ನನ್ನನ್ನೂ ಮಾಡುತ್ತಿದ್ದೆ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿತ್ತು.

ಆದರೆ ದನಿಗಿಂತ ಮೊದಲು ನನಗೆ ಒಲಿದದ್ದು ಕೈ. ಅಮ್ಮ ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಅವಳ ಅಕ್ಷರಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಒಂದೂ ಸಾಲು ಬಿಡುವುದಿಲ್ಲ. 'ಓ' ಅಕ್ಷರದ ಬಾಲ ಮಾತ್ರ ಕೊನೆಯಲ್ಲಿ ಸ್ವಲ್ಪ ಹೊರಳಿ ಹಿಂದೆ ನೋಡುತ್ತದೆ. ಏಳನೇ ತರಗತಿಯಲ್ಲಿ ಒಂದು ತುರ್ತು ಸಂದರ್ಭ ಬಂದು ನಾನು ಅವಳ ಕೈಬರಹವನ್ನು ಅಭ್ಯಾಸ ಮಾಡಿದ್ದೆ. ಆ ವಿಷಯ ಈಗ ಬೇಡ.

ಜಿನ್ ಇಳಿಯುತ್ತಿದ್ದುದು ಶನಿವಾರ ಬೆಳಗ್ಗೆ. ಆಗ ಅಮ್ಮನ ಭಜನಾ ಮಂಡಳಿ ವಿಡಿಯೋ ಕಾಲ್‌ನಲ್ಲಿ ಸೇರುತ್ತಿತ್ತು. ಮನೆಗೊಬ್ಬರೇ ಹೊರಗೆ ಹೋಗಬಹುದೆಂಬ ನಿಯಮವಿದ್ದುದರಿಂದ ಅಕ್ಕ ಒಬ್ಬಳೇ ಸಾಮಾನು ತರಲು ಹೋಗುತ್ತಿದ್ದಳು. ಅಡುಗೆಮನೆಯ ಹಿಂದೆ, ವಾಷಿಂಗ್ ಮೆಷಿನ್ ಇಡುವ ಜಾಗದಲ್ಲಿ, ಭಾವ ಭಟ್ಟಿ ಹೂಡುತ್ತಿದ್ದರು. ಅಂಗಡಿಯ ವೋಡ್ಕಾಗೆ ನೀರು ಬೆರೆಸಿ, ಜೂನಿಪರ್ ಎಂಬ ಒಣಗಿದ ಕರಿಹಣ್ಣು, ಕೊತ್ತಂಬರಿ ಬೀಜ, ಏಲಕ್ಕಿ, ಲಿಂಬೆ ಸಿಪ್ಪೆ ನೆನೆಸಿಟ್ಟು, ಸಣ್ಣ ಉರಿಯಲ್ಲಿ ಕಾಯಿಸುವುದು. ಹಬೆ ಕೊಳವೆಯಲ್ಲಿ ಸಾಗಿ, ತಣಿದು, ಹನಿಹನಿಯಾಗಿ ಇಳಿಯುತ್ತದೆ. ಮೊದಲು ಬಂದದ್ದನ್ನು ಚೆಲ್ಲಬೇಕು. ಕೊನೆಗೆ ಬಂದದ್ದನ್ನೂ ಚೆಲ್ಲಬೇಕು. ಉಪಯೋಗಕ್ಕೆ ಬರುವುದು ನಡುವಿನದು ಮಾತ್ರ.

"ನಮ್ಮ ಆಫೀಸ್ ಮೀಟಿಂಗ್ ಥರಾನೇ," ಎಂದರು ಭಾವ.

ಪರವಾನಗಿ ಇಲ್ಲದೆ ಮನೆಯಲ್ಲಿ ಹೀಗೆ ಇಳಿಸುವುದು ಈ ದೇಶದ ಕಾನೂನಿಗೆ ವಿರುದ್ಧವೆಂದು ಅವರಿಗೆ ಗೊತ್ತಿತ್ತು. ಆದರೆ ಅವರು ಹೆದರುತ್ತಿದ್ದುದು ಅತ್ತೆಗೆ. ಮದುವೆಯ ಮಾತುಕತೆಯಲ್ಲಿ ಹುಡುಗ ಕಾಫಿಯನ್ನೂ ಅಷ್ಟಾಗಿ ಕುಡಿಯುವುದಿಲ್ಲ ಎಂದು ಹೇಳಲಾಗಿತ್ತು.

ಮೊದಲ ಸಲದ ಜಿನ್ ತಿಳಿಸಾರಿನ ಹಾಗಿತ್ತು. ಒಗ್ಗರಣೆಯೊಂದು ಬಾಕಿ. ಭಾವ ಕಣ್ಣು ಮುಚ್ಚಿ ಇನ್ನೊಂದು ಗುಟುಕು ಹೀರಿ, "ಕೊತ್ತಂಬರಿ ಮುಂದೆ ಬಂದಿದೆ" ಎಂದರು. ಬಾರದೆ ಏನು? ಅಮ್ಮನ ಡಬ್ಬದಿಂದ ಎರಡು ಹಿಡಿ ಹಾಕಿದ್ದರು. ಮುಂದಿನ ವಾರಗಳಲ್ಲಿ ತಪ್ಪು ತಿದ್ದಿಕೊಳ್ಳುತ್ತಾ ಹೋದಂತೆ ಡಬ್ಬ ಖಾಲಿಯಾಗುತ್ತಾ ಹೋಯಿತು.

ನಾಲ್ಕನೇ ಸಲಕ್ಕೆ ಕುಡಿಯುವಂಥದ್ದು ಬಂತು. ಅದನ್ನು ಕಂದು ಬಣ್ಣದ ಬಾಟಲಿಗೆ ತುಂಬಿಸಿದ ಮೇಲೆ, ಎಲ್ಲಿಡುವುದು ಎಂಬ ಪ್ರಶ್ನೆ.

"ಕಷಾಯ ಅಂತ ಬರೆದು ಶೆಲ್ಫಲ್ಲಿ ಇಟ್ಬಿಡೋಣ," ಎಂದರು ಭಾವ.

"ಭಾವ, ಈಗ ಕಷಾಯ ಅಂದ್ರೆ ಮನೆಮಂದಿಯೆಲ್ಲ ಲೋಟ ಹಿಡ್ಕೊಂಡು ಸಾಲಲ್ಲಿ ನಿಲ್ತಾರೆ."

ಯಾರೂ ತಾವಾಗಿ ಕುಡಿಯದ ಏನಾದರೂ ಬೇಕಿತ್ತು. ನನಗೆ ಓಮದ ನೀರು ಹೊಳೆಯಿತು. ಹೊಟ್ಟೆ ಉಬ್ಬರಿಸಿದಾಗ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದದ್ದು. ಆದರೆ ಆ ಅಡುಗೆಮನೆಯ ಡಬ್ಬ ಬಾಟಲಿಗಳಿಗೆಲ್ಲ ಆ ಹೊತ್ತಿಗೆ ಅಮ್ಮನ ಕೈಯ ಚೀಟಿ ಅಂಟಿತ್ತು; ಬೇರೆ ಕೈಯ ಅಕ್ಷರವಿದ್ದರೆ ಎದ್ದು ಕಾಣುತ್ತದೆ. ಹಾಗಾಗಿ ಗಾಯಕ್ಕೆ ಸುತ್ತುವ ಬಿಳಿ ಪ್ಲಾಸ್ಟರಿನ ತುಂಡೊಂದರ ಮೇಲೆ ಅಮ್ಮನ ಅಕ್ಷರದಲ್ಲಿ 'ಓಮದ ನೀರು' ಎಂದು ಬರೆದು ಅಂಟಿಸಿ ಶೆಲ್ಫಿನಲ್ಲಿಟ್ಟೆ. ಬಾಲ ಸರಿಯಾಗಿ ಹೊರಳಿತು. ಭಾವ ನನ್ನ ಬೆನ್ನು ತಟ್ಟಿದರು. ವೈದ್ಯಕೀಯ ಶಿಕ್ಷಣದಿಂದ ನನಗೆ ಸಿಕ್ಕ ಮೊದಲ ಗೌರವ ಅದು.

ಹತ್ತು ದಿನವಾಗಿರಬಹುದು. ಬೆಳಗ್ಗೆ ತಿಂಡಿಯ ಹೊತ್ತಿಗೆ ಅಮ್ಮ ಖಾಲಿ ಡಬ್ಬ ಹಿಡಿದು ಬಂದಳು.

"ಏನೇ, ಅರ್ಧ ಕೆಜಿ ಕೊತ್ತಂಬರಿ ಬೀಜ ತರಿಸಿದ್ನಲ್ಲ. ಎಲ್ಲೋಯ್ತು?"

"ಸಾರಿನ ಪುಡಿ ಮಾಡಿರ್ತೀಯ ಅಮ್ಮ," ಎಂದಳು ಅಕ್ಕ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ಮಾಡಿದ್ನಾ?"

"ಅಜ್ಜಿ ಫರ್ಗಾಟ್ ಅಗೇನ್ ಲಾ," ಎಂದಳು ಅಕ್ಕನ ಮಗಳು.

ನಾನು ಅದನ್ನೇ ಅವಳ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ಎಲ್ಲರೂ ನಕ್ಕರು. ಭಾವ ಮಾತ್ರ ದೋಸೆಯನ್ನು ಬಹಳ ಸಣ್ಣ ಸಣ್ಣ ಚೂರು ಮಾಡುತ್ತಿದ್ದರು. ಅಮ್ಮನೂ ನಕ್ಕಳು, ಸ್ವಲ್ಪ ತಡವಾಗಿ.

ಅವತ್ತು ಮಧ್ಯಾಹ್ನ ಬೀನ್ಸ್ ಹೆಚ್ಚುತ್ತಾ ನನ್ನನ್ನು ಕರೆದಳು. "ಏನೋ ಡಾಕ್ಟ್ರೇ, ಮರೆವಿನ ಕಾಯಿಲೆ ಪಾಠ ಆಯ್ತಾ ನಿಂಗೆ?"

"ಯಾಕೆ, ಯಾರಿಗೆ?"

"ನಮ್ಮ ಭಜನೆ ಗುಂಪಲ್ಲಿ ಒಬ್ಬರಿಗೆ. ಪಾಪ."

ಕೇಳಬೇಕೇ? ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹೊಟ್ಟೆ ಮುಂದೆ ಮಾಡಿ, ನಮ್ಮ ಪ್ರೊಫೆಸರ್ ಆದೆ. "ಲಿಸನ್ ಕೇರ್‌ಫುಲ್ಲಿ ಆ! ತಾನೇ ಮಾಡಿದ ಕೆಲಸ ತನಗೇ ಹೊಸದಾಗಿ ಕಾಣೋದು, ಮೊದಲ ಲಕ್ಷಣ. ಸಾಮಾನು ಎಲ್ಲಿ ಹೋಯ್ತು ಅಂತ ಹುಡುಕೋದು, ಎರಡನೇದು. ಮನೆತನದಲ್ಲಿ ಯಾರಿಗಾದ್ರೂ ಇದ್ರೆ ಇನ್ನೂ ಹುಷಾರಾಗಿರ್ಬೇಕು. ಇದು ಎಗ್ಸಾಮಿಗೆ ಬರುತ್ತೆ."

ಪ್ರೊಫೆಸರ್ ಬಂದಾಗಲೆಲ್ಲ ಅಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅವತ್ತು, "ಮನೆತನದ್ದು ಏನಂದೆ? ಇನ್ನೊಂದ್ಸಲ ಹೇಳು," ಎಂದಳು. ನಾನು ಇನ್ನೊಂದು ಸಲ, ಇನ್ನೂ ಚೆನ್ನಾಗಿ ಹೇಳಿದೆ.

ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ಕೊನೆಯ ಮೂರು ವರ್ಷ ಅಮ್ಮನನ್ನು "ನೀವು ಯಾರ ಮನೆಯವರಮ್ಮಾ?" ಎಂದು ಕೇಳುತ್ತಿದ್ದರು. ಇದು ನನಗೆ ಗೊತ್ತಿದ್ದ ಸಂಗತಿಯೇ. ನಟನೆಯ ನಡುವೆ ನೆನಪಾಗಲಿಲ್ಲ.

ಅದಾದ ಮೇಲೆ ಮನೆಯಲ್ಲಿ ಏನೋ ಕಡಿಮೆಯಾಗಿತ್ತು. ಅಮ್ಮ ಒಲೆ ಆರಿಸಿ ಹೊರಬಂದವಳು ಮತ್ತೆ ಒಳಗೆ ಹೋಗಿ ನೋಡುತ್ತಿದ್ದಳು. ನಾನು ಅದನ್ನೂ ಮಾಡಿ ತೋರಿಸಿದೆ: ಮೂರು ಹೆಜ್ಜೆ, ನಿಲುಗಡೆ, ವಾಪಸು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಒಂದು ಭಾನುವಾರ ಮಧ್ಯಾಹ್ನ, ತೋಳಿನ ನರಗಳ ಚಿತ್ರ ಬರೆಯಲು ಹಾಳೆ ಹುಡುಕುತ್ತಿದ್ದಾಗ ಅಕ್ಕನ ಮಗಳ ಹಳೆಯ ನೋಟ್‌ಬುಕ್ಕೊಂದು ಸಿಕ್ಕಿತು. ಹಿಂದಿನ ಪುಟಗಳಲ್ಲಿ ಅಮ್ಮನ ಅಕ್ಷರ. 'ಮಂಗಳವಾರ. ಹಾಲು ಕಾಯಿಸಿದೆ. ಒಲೆ ಆರಿಸಿದೆ. ಪಲ್ಯಕ್ಕೆ ಉಪ್ಪು ಹಾಕಿದೆ.' 'ಬುಧವಾರ. ಮಾತ್ರೆ ತೆಗೆದುಕೊಂಡೆ. ಬಟ್ಟೆ ಒಣಗಿಸಿದೆ.' ಪುಟಗಟ್ಟಲೆ ಹೀಗೇ. ಎಲ್ಲಕ್ಕಿಂತ ಮೊದಲ ಪುಟದಲ್ಲಿ, 'ಓಮದ ನೀರು ಯಾವಾಗ ಮಾಡಿದೆ? ನೆನಪಿಲ್ಲ.' ಕೆಳಗೆ ಎರಡು ಗೆರೆ. ಮೂವತ್ತು ವರ್ಷ ಮಕ್ಕಳಿಗೆ ಒಂದು ಗೆರೆ ಸಾಕು ಎಂದು ಹೇಳಿಕೊಟ್ಟವಳು ಎರಡು ಗೆರೆ ಎಳೆದಿದ್ದಳು.

ನಾನು ನೋಟ್‌ಬುಕ್ ಹಿಡಿದು ಭಾವನ ಹತ್ತಿರ ಹೋದೆ. ಅವರು ಓದಿದರು. ಇನ್ನೊಮ್ಮೆ ಓದಿದರು.

"ಹೇಳ್ಲೇಬೇಕು, ಅಲ್ವಾ?"

"ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಂಗೆ ಎರಡು ಗಂಟೆಗೆ ಕಾಲ್ ಇದೆ ಕಣೋ."

"ಭಾವ, ಇವತ್ತು ಭಾನುವಾರ."

ಅವರು ಆದರೂ ಲ್ಯಾಪ್‌ಟಾಪ್ ತೆರೆದರು.

ಅಮ್ಮ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ನಾನು ಬಾಟಲಿಯನ್ನು ಮಂಚದ ಮೇಲಿಟ್ಟು ಎಲ್ಲವನ್ನೂ ಹೇಳಿದೆ: ಭಟ್ಟಿ, ಜಿನ್, ಕೊತ್ತಂಬರಿ, ಪ್ಲಾಸ್ಟರು. ನನ್ನದೇ ದನಿಯಲ್ಲಿ ಹೇಳಿದೆ. ಅದರ ಅಭ್ಯಾಸ ತಪ್ಪಿದ್ದರಿಂದ ಅಲ್ಲಲ್ಲಿ ತಡವರಿಸಿದೆ.

ಅಮ್ಮ ಒಂದು ದಿಂಬಿನ ಕವರನ್ನು ಮಡಿಸಿ ಮುಗಿಸಿದಳು. "ಇರ್ಲಿ ಬಿಡು ಮಗಾ."

"ಏನು ಇರ್ಲಿ? ನಿಂಗೇನೂ ಆಗಿಲ್ಲ ಅಮ್ಮ. ಬರೆದಿದ್ದು ನಾನು."

"ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಯಾರ ಥರ ಬೇಕಾದ್ರೂ ಮಾತಾಡ್ತೀಯ ನೀನು. ಈಗ ಒಳ್ಳೇ ಮಗನ ಥರ ಮಾತಾಡ್ತಿದೀಯ."

ನಾನು ಬಾಟಲಿಯ ಮುಚ್ಚಳ ತೆಗೆದು ಅವಳ ಮೂಗಿನ ಹತ್ತಿರ ಹಿಡಿದೆ. ಅವಳು ಮುಖ ಹಿಂದೆ ತೆಗೆದಳು.

"ಥೂ, ಏನೋ ಇದು!"

"ನೋಡಿದ್ಯಾ? ಓಮ ಇದೆಯಾ ಇದರಲ್ಲಿ? ಮೊದಲೇ ಒಂದ್ಸಲ ಮೂಸಿ ನೋಡಿದ್ರೆ ಆಗ್ತಿತ್ತಲ್ಲ ಅಮ್ಮ."

"ಮೂಸಿ, ಓಮದ ವಾಸನೆ ಬಂದುಬಿಟ್ರೆ ಅಂತ ಭಯ ಆಯ್ತು ಕಣೋ." ಅವಳು ಪ್ಲಾಸ್ಟರಿನ ಮೇಲೆ ಬೆರಳಾಡಿಸಿದಳು. "ಒಳಗಿರೋದು ಏನಾದ್ರೂ ಆಗ್ಲಿ. ನಾನು ಮಾಡಿಟ್ಟ ನೀರನ್ನ ಚೆಲ್ಲಿ ಅಳಿಯಂದ್ರು ಅವರದ್ದು ತುಂಬಿಸಿಕೊಂಡಿರ್ತಾರೆ. ಅಕ್ಷರ ನಂದು. ನನ್ನ ಅಕ್ಷರ ನಂಗೆ ಗೊತ್ತಿಲ್ವಾ?"

ನನ್ನ ಕಲೆಯನ್ನು ಯಾರೂ ಇಷ್ಟು ಪೂರ್ತಿಯಾಗಿ ಮೆಚ್ಚಿರಲಿಲ್ಲ. ನಾನು ನೋಟ್‌ಬುಕ್ ಮಂಚದ ಮೇಲಿಟ್ಟು, ಪೆನ್ನು ತೆಗೆದು, ಅವಳೆದುರೇ 'ಓಮದ ನೀರು' ಎಂದು ಬರೆಯತೊಡಗಿದೆ. ಅವಸರಕ್ಕೆ ಬಂದದ್ದು ನನ್ನದೇ ಅಕ್ಷರ, ಔಷಧಿ ಚೀಟಿಗೆ ಈಗಲೇ ಲಾಯಕ್ಕಾದಂಥದ್ದು.

"ನೋಡು," ಎಂದಳು ಅಮ್ಮ ಮೆತ್ತಗೆ. ಅಷ್ಟು ಮೆತ್ತಗೆ ಅವಳು ನನ್ನನ್ನು ಯಾವತ್ತೂ ಗೆದ್ದಿರಲಿಲ್ಲ.

ಇನ್ನೊಮ್ಮೆ ಬರೆದೆ. ದಪ್ಪ ಹೊಟ್ಟೆಯ 'ಮ', ಬೆನ್ನು ನೆಟ್ಟಗಿನ 'ದ'. ಕೊನೆಗೆ ಹಿಂದಕ್ಕೆ ಬಂದು 'ಓ' ಅಕ್ಷರದ ಬಾಲವನ್ನು ಎಳೆದು ಹೊರಳಿಸಿದೆ.

ಅಮ್ಮ ಕನ್ನಡಕ ಹಾಕಿಕೊಂಡು ಬಾಟಲಿಯನ್ನು ನೋಟ್‌ಬುಕ್ಕಿನ ಪಕ್ಕಕ್ಕೆ ತಂದಳು. ಎರಡನ್ನೂ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನಾನು ಉಳಿದ ಬಟ್ಟೆ ಮಡಿಸಲು ಶುರು ಮಾಡಿದೆ.

"ಏಳನೇ ಕ್ಲಾಸು," ಎಂದಳು.

"ಏನಮ್ಮ?"

"ಅರ್ಧವಾರ್ಷಿಕ ಪರೀಕ್ಷೆ. ಗಣಿತ. ವರ್ಷದ ಕೊನೇಲಿ ಪ್ರೋಗ್ರೆಸ್ ಕಾರ್ಡ್ ನೋಡಿದ್ರೆ ನನ್ನ ಸಹಿ ನೀಲಿ ಇಂಕಲ್ಲಿತ್ತು. ಕಾರ್ಡಿಗೆ ನಾನು ಯಾವತ್ತೂ ಕಪ್ಪು ಇಂಕಲ್ಲೇ ಸಹಿ ಹಾಕ್ತಿದ್ದಿದ್ದು. ಅವತ್ತು ಕಪ್ಪು ಪೆನ್ನು ಸಿಕ್ಕಿರ್ಲಿಲ್ವೇನೋ ಅಂತ ಸುಮ್ಮನಾದೆ." ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಐವತ್ತಕ್ಕೆ ಹದಿನಾಲ್ಕು."

"ಹದಿನಾರು," ಎಂದೆ.

"ಹದಿನಾಲ್ಕು ಕಣೋ. ಎಂಟನೇ ಲೆಕ್ಕಾನ ಅರ್ಧಕ್ಕೆ ಬಿಟ್ಟು ಬಂದೆ ಅಂತ ಅವತ್ತು ನೀನೇ ಹೇಳಿದ್ದೆ. ತೊಟ್ಟಿಗೆ ನೀರು ತುಂಬೋ ಲೆಕ್ಕ."

ತೊಟ್ಟಿಗೆ ನೀರು ತುಂಬುವ ಲೆಕ್ಕ. ಹೌದು. ನಾನು ಹತ್ತು ವರ್ಷದಿಂದ ಹದಿನಾರೆಂದೇ ನಂಬಿಕೊಂಡು ಬಂದಿದ್ದೆ.

"ಹದಿನಾಲ್ಕು," ಎಂದು ಅಮ್ಮ ಮತ್ತೆ ಹೇಳಿದಳು. ಈ ಸಲ ನನಗಲ್ಲ. ಕಳೆದುಹೋಗಿದ್ದ ಬೀಗದ ಕೈ ಸೊಂಟದಲ್ಲೇ ಸಿಕ್ಕಿದವರ ಹಾಗೆ ಹೇಳಿದಳು. ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡಳು, ಆಮೇಲೆ ಕಣ್ಣು. ಆಮೇಲೆ ನನ್ನ ತಲೆಯ ಮೇಲೆ ಒಂದು ಏಟು ಬಿತ್ತು, ಅರ್ಧವಾರ್ಷಿಕ ಪರೀಕ್ಷೆಯಿಂದ ಬಾಕಿ ಉಳಿದಿದ್ದ ತೂಕದಲ್ಲಿ.

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ನೋಟ್‌ಬುಕ್ಕಿನ ಆ ಮೊದಲ ಪುಟ ತೆರೆದಳು. 'ನೆನಪಿಲ್ಲ' ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ನಾನು ಮಾಡಿಲ್ಲ' ಎಂದು ಬರೆದಳು. ಕೆಳಗೆ ಒಂದು ಗೆರೆ. ಉಳಿದ ಹಾಳೆಗಳನ್ನು ನನ್ನ ಮುಂದೆ ತಳ್ಳಿ, "ಓಮದ ನೀರು, ನೂರು ಸಲ. ನಿನ್ನ ಅಕ್ಷರದಲ್ಲಿ," ಎಂದಳು.

ಬಾಗಿಲಲ್ಲಿ ಭಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. "ಕಾಲ್ ಮುಗೀತು ಅತ್ತೆ," ಎಂದರು.

ಅಮ್ಮ ಬಾಟಲಿಯನ್ನು ಎರಡು ಬೆರಳಿನಲ್ಲಿ ಎತ್ತಿ ಅವರ ಕೈಗೆ ಕೊಟ್ಟಳು. ಪ್ಲಾಸ್ಟರನ್ನು ಮಾತ್ರ ಕಿತ್ತು ಇಟ್ಟುಕೊಂಡಳು. "ಅರ್ಧ ಕೆಜಿ ಕೊತ್ತಂಬರಿ ಬೀಜ ಬೇಕು ಅಳಿಯಂದ್ರೇ. ನೆನಪಿರುತ್ತೆ ತಾನೇ?"

"ಕ್ಯಾನ್, ಕ್ಯಾನ್," ಎಂದರು ಭಾವ, ಆಫೀಸಿನ ದನಿಯಲ್ಲಿ.

ನಾನು ಅದನ್ನು ಮಾಡಿ ತೋರಿಸಲಿಲ್ಲ. ಇನ್ನೂ ತೊಂಬತ್ತೊಂಬತ್ತು ಸಲ ಬರೆಯುವುದಿತ್ತು.