ಚಿಲಕನ ಮನೆಯ ಬಾಗಿಲು

ಚಿಲಕನ ಮನೆಯಲ್ಲಿ ಊಟದ ಮೇಜಿಲ್ಲ. ಇಟ್ಟರೆ ಮನುಷ್ಯರು ನಿಲ್ಲಲು ಜಾಗವಿರುವುದಿಲ್ಲ. ಹಾಗಾಗಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವನು ಮಲಗುವ ಕೋಣೆಯ ಬಾಗಿಲನ್ನೇ ಕೀಲಿನಿಂದ ಬಿಚ್ಚಿ, ಮರ ಕೊಯ್ಯುವಾಗ ಹಲಗೆಗೆ ಆಸರೆ ಕೊಡುವ ಎರಡು ಮರದ ಕುದುರೆಗಳ ಮೇಲೆ ಮಲಗಿಸುತ್ತಾನೆ. ಮೇಲೊಂದು ಹಳೆಯ ಬೆಡ್‌ಶೀಟು. ಸುತ್ತ ಸ್ಟೂಲು, ಮಂಚದ ತುದಿ, ಬೋರಲು ಹಾಕಿದ ಪೇಂಟ್ ಡಬ್ಬ. ಅಲ್ಲಿಗೆ ಎಂಟು ಜನರ ಕಾರ್ಡಾಟದ ಮನೆ ಸಿದ್ಧ.

ಅವನ ಕಸುಬೇ ಬಾಗಿಲು. ಊರೆಲ್ಲ ಏಳುವ ಹೊಸ ಕಟ್ಟಡಗಳಿಗೆ ಬಾಗಿಲು ಕೂರಿಸಿ, ಚಿಲಕ ಹಾಕಿ ಬರುತ್ತಾನೆ. ಅದಕ್ಕೇ ಗೆಳೆಯರು ಇಟ್ಟ ಹೆಸರು ಚಿಲಕ. ತಾನು ಕೂರಿಸಿದ ಬಾಗಿಲಿನ ಒಳಗೆ ಮಾರನೆಯ ದಿನ ಅವನಿಗೆ ಪ್ರವೇಶವಿಲ್ಲ. ವಾಚ್‌ಮನ್ ತಡೆದು "ಯಾರು ಬೇಕು?" ಅನ್ನುತ್ತಾನೆ. ಇದನ್ನು ಹೇಳಿ ನಗುವುದು ಚಿಲಕನ ಸ್ವಭಾವ. ನನಗಂತೂ ನಗು ಬರುವುದಿಲ್ಲ.

ದುಡಿಯುವವರು ನಾಲ್ಕು ಜನ ಸೇರಿ ಕೂರಲು ಈ ಊರಿನಲ್ಲಿ ಎಲ್ಲಿದೆ ಜಾಗ? ಪಾರ್ಕಿಗೆ ಮಧ್ಯಾಹ್ನ ಬೀಗ. ಬಸ್ ನಿಲ್ದಾಣದ ಬೆಂಚಿಗೆ ನಡುನಡುವೆ ಕಬ್ಬಿಣದ ಅಡ್ಡಪಟ್ಟಿ, ಯಾರೂ ಕಾಲು ಚಾಚಬಾರದಂತೆ. ಹೋಟೆಲಿನಲ್ಲಿ ಲೋಟ ಖಾಲಿಯಾಗುವ ಮೊದಲೇ ಮೇಜು ಒರೆಸುವ ಬಟ್ಟೆ ಬಂದು ನಿಲ್ಲುತ್ತದೆ. ಭಾನುವಾರ ನೀವು ಮನೆಯಲ್ಲಿ ಸುಮ್ಮನೆ ಬಿದ್ದುಕೊಂಡು ಸೋಮವಾರಕ್ಕೆ ಮೈ ಸರಿಮಾಡಿಕೊಳ್ಳಿ, ಅಷ್ಟೇ ಸಾಕು ಅನ್ನುವುದು ಊರು ಕಟ್ಟಿದವರ ಲೆಕ್ಕಾಚಾರ. ಅದಕ್ಕೆ ಚಿಲಕ ಕೊಟ್ಟ ಉತ್ತರ, ಬಿಚ್ಚಿಟ್ಟ ಬಾಗಿಲು.

ಆಟ ಕಷ್ಟದ್ದೇನಲ್ಲ. ಒಂದೊಂದು ಕಾರ್ಡಿನಲ್ಲೂ ಒಂದು ಮೃಗವೋ ಮಂತ್ರವೋ ಯೋಧನೋ ಇರುತ್ತದೆ. ಎಲ್ಲರ ಕೈಗೂ ಒಂದೊಂದು ಕಟ್ಟು. ಬಿಚ್ಚಿ, ಒಂದನ್ನು ತನಗೆ ಇಟ್ಟುಕೊಂಡು, ಉಳಿದದ್ದನ್ನು ಎಡಗಡೆಯವರಿಗೆ ದಾಟಿಸಬೇಕು. ಬಲಗಡೆಯಿಂದ ಬಂದದ್ದರಲ್ಲಿ ಮತ್ತೊಂದು ಆರಿಸಬೇಕು, ಹೀಗೆ ಕಟ್ಟು ಮುಗಿಯುವವರೆಗೆ. ಎರಡನೆಯ ಕಟ್ಟು ಬಂದಾಗ ದಿಕ್ಕು ಬದಲು, ಬಲಕ್ಕೆ ದಾಟಿಸಬೇಕು. ಕೊನೆಗೆ ತಾವೇ ಆರಿಸಿಕೊಂಡ ಪಡೆಯೊಂದಿಗೆ ಇಬ್ಬಿಬ್ಬರು ಎದುರುಬದುರು ಕೂತು ಕಾದಾಡುವುದು. ಸಂಜೆ ಎಲ್ಲ ಕಾರ್ಡುಗಳೂ ಚಿಲಕನ ಮೊಳೆ ಡಬ್ಬಕ್ಕೇ ವಾಪಸ್. ಗೆದ್ದವರು ಮನೆಗೆ ಒಯ್ಯುವುದು ಏನೂ ಇಲ್ಲ, ಬಡಾಯಿಯೊಂದನ್ನು ಬಿಟ್ಟು.

ಇದಕ್ಕೂ ಕಲ್ಲು ಬಿತ್ತು. ಕೆಳಗಿನ ಮನೆಯ ಯಜಮಾನರು, ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸಿ ನಿವೃತ್ತರಾದವರು, ಮೇಲೆ ಗಲಾಟೆ ಎಂದು ಕಟ್ಟಡದ ಓನರಿಗೆ ದೂರು ಕೊಟ್ಟರು. ಸ್ಟೂಲಿನ ಕಾಲಿಗೆ ಚಿಲಕ ಹಳೆಯ ಕಾಲುಚೀಲ ತೊಡಿಸಿದ. ಆದರೂ ದೂರು ಹೋಯಿತು. ಓನರ್ ಕಡ್ಡಿ ಮುರಿದಂತೆ ಹೇಳಿದರು: "ಭಾನುವಾರ ನಾನೇ ಕೆಳಗಿನವರಿಗೆ ಫೋನ್ ಮಾಡಿ ವಿಚಾರಿಸ್ತೀನಿ. ಇನ್ನೊಂದು ಮಾತು ಬಂತೋ, ಆಟ ನಿಲ್ಬೇಕು, ಇಲ್ಲ ಮನೆ ಬಿಡ್ಬೇಕು."

ಆ ಭಾನುವಾರ ಬಂತು. ಎಂಟನೆಯ ಕೈ ಚಿಲಕನ ಹೆಂಡತಿ, ಆಸ್ಪತ್ರೆಯ ನರ್ಸು. ರಜೆ ಹಾಕಿದ ಗೆಳತಿಯ ರಾತ್ರಿಪಾಳಿಯನ್ನೂ ತಾನೇ ಮಾಡಿ ಬಂದು ಕೋಣೆಯಲ್ಲಿ ಮಲಗಿದ್ದಳು. ಅವಳ ನಿದ್ದೆಗೆ ಮರೆಯಾಗಿದ್ದ ಬಾಗಿಲನ್ನು ಬಿಚ್ಚುವುದುಂಟೇ? ಚಿಲಕ ತಲೆ ಕೆರೆದುಕೊಂಡ. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಮನೆಯ ಮುಂಬಾಗಿಲನ್ನೇ ಇಳಿಸಿದ.

"ಕಳ್ಳರು ಬಂದ್ರೆ?" ಅಂದಳು ಬಸ್ ಓಡಿಸುವ ಡ್ರೈವರಮ್ಮ.

"ಬರ್ಲಿ ಅಕ್ಕ, ಎಂಟನೆಯವರು ಸಿಕ್ಕಂಗಾಯ್ತು," ಅಂದ ಜೆರಾಕ್ಸ್ ಅಂಗಡಿಯವನು.

ಕೂತವರು ಏಳೇ ಜನ: ಚಿಲಕ, ಅವನ ಭಾಮೈದ, ಡ್ರೈವರಮ್ಮ, ಜೆರಾಕ್ಸ್, ಬೇಕರಿಯಲ್ಲಿ ಕೆಲಸ ಮಾಡುವ ಅಕ್ಕತಂಗಿಯರಿಬ್ಬರು, ಮತ್ತೆ ನಾನು. ಏಳಾದರೆ ಒಬ್ಬರಿಗೆ ಜೋಡಿಯಿಲ್ಲ. ಒಳಗೆ ಮಲಗಿದವಳು ಏಳಬಾರದು, ಕೆಳಗಿನವರಿಗೆ ಕೇಳಬಾರದು ಎಂದು ಎಲ್ಲರೂ ಪಿಸುಮಾತಿನಲ್ಲೇ ಕಟ್ಟು ಬಿಚ್ಚುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

ಯಜಮಾನರೇ. ಒಂದು ಕೈಯಲ್ಲಿ ಫೋನು. ಬಾಗಿಲು ತಟ್ಟಲು ಎತ್ತಿದ ಇನ್ನೊಂದು ಕೈ ಗಾಳಿಯಲ್ಲೇ ನಿಂತಿತು.

"ಬಾಗಿಲೆಲ್ಲಿ?"

"ಇಲ್ಲೇ ಇದೆ, ತಟ್ಟಿ," ಅಂದ ಜೆರಾಕ್ಸ್, ಬೆಡ್‌ಶೀಟು ಸರಿಸಿ.

ಸಿಟ್ಟಿನಲ್ಲೋ ಅಭ್ಯಾಸಬಲದಲ್ಲೋ, ಅವರು ನಾಲ್ಕು ಹೆಜ್ಜೆ ಒಳಬಂದು ಮೇಜಿನ ಮೇಲೆ ಟಕಟಕ ಬಡಿದೇಬಿಟ್ಟರು. ಬೇಕರಿ ಅಕ್ಕತಂಗಿಯರು ಮೆಲ್ಲಗೆ ಒಟ್ಟಿಗೇ ಅಂದರು: "ಯಾರದು...?"

ಯಜಮಾನರ ಮುಖ ಗಂಟಾಯಿತು. ಚಿಲಕ ಎದ್ದು ನಿಂತ. "ಇವತ್ತು ಸದ್ದೇ ಮಾಡಿಲ್ಲವಲ್ಲ ಯಜಮಾನ್ರೇ."

"ಅದಕ್ಕೇ ಬಂದೆ. ಇಷ್ಟು ಜನ ಹತ್ತಿದ್ದು ಕಂಡೆ, ಸದ್ದೇ ಇಲ್ಲ. ಏನೋ ಕಿತಾಪತಿ ನಡೀತಿದೆ ಅನ್ಕೊಂಡೆ."

ಸದ್ದು ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು! ನನ್ನ ನಾಲಿಗೆ ತುದಿಗೆ ಬಂದದ್ದನ್ನು ಡ್ರೈವರಮ್ಮನ ಮೊಣಕೈ ತಡೆಯಿತು.

ಚಿಲಕನಿಗೆ ಕೋಪವೆಂಬುದೇ ಗೊತ್ತಿಲ್ಲ. ಖಾಲಿ ಪೇಂಟ್ ಡಬ್ಬ ಎಳೆದ. "ದೂರಿಂದ ಕೇಳೋದಕ್ಕಿಂತ ಹತ್ರ ಕೂತು ನೋಡಿ. ಆಮೇಲೆ ಓನರಿಗೆ ಕಂಡಿದ್ದನ್ನೇ ಹೇಳಿ. ಹೇಗೂ ನಮಗೊಂದು ಕೈ ಕಮ್ಮಿ."

ಸಾಕ್ಷಿ ಹಿಡಿಯಲು ಬಂದವರು ಹಾಗೆ ಕೂತರು. ಮೊದಲ ಕಟ್ಟಿನಲ್ಲಿ ಹೊಳೆಯುವ ಕಾರ್ಡನ್ನೇ ಹುಡುಕಿ ಹುಡುಕಿ ಇಟ್ಟುಕೊಂಡರು. "ಬಲ ನೋಡ್ಬೇಕು, ಬಣ್ಣ ಅಲ್ಲ," ಎಂದು ಭಾಮೈದ ಹೇಳಿದರೆ, "ಪರದೆ ಮೇಲೆ ಏನು ಚೆನ್ನಾಗಿ ಕಾಣುತ್ತೆ ಅಂತ ನನಗೆ ಹೇಳ್ಕೊಡ್ತೀಯೇನಪ್ಪ?" ಅಂದರು.

ಎಡವಟ್ಟಾದದ್ದು ಎರಡನೆಯ ಕಟ್ಟಿನಲ್ಲಿ. ಎಲ್ಲರೂ ಬಲಕ್ಕೆ ದಾಟಿಸುತ್ತಿದ್ದರೆ, ಇವರೊಬ್ಬರು ಎಡಕ್ಕೇ. ಜೀವಮಾನವಿಡೀ ರೀಲನ್ನು ಒಂದೇ ದಿಕ್ಕಿಗೆ ಓಡಿಸಿದ ಕೈ ಅದು. ಅವರ ಎಡಕ್ಕಿದ್ದ ಡ್ರೈವರಮ್ಮನಿಗೆ ತಾನು ದಾಟಿಸಿದ್ದೆಲ್ಲ ಒಂದೊಂದು ಕಾರ್ಡು ಕಮ್ಮಿಯಾಗಿ ವಾಪಸ್ ಬರುತ್ತಿತ್ತು. ಬಲಕ್ಕಿದ್ದ ಜೆರಾಕ್ಸ್ ಬರಿಗೈಯಲ್ಲಿ ಬಾಯಿಬಿಟ್ಟು ಕೂತಿದ್ದ.

"ಯಜಮಾನ್ರೇ, ರಿವರ್ಸ್ ಗೇರ್ ಹಾಕಿ!" ಡ್ರೈವರಮ್ಮ ಪಿಸುಗುಟ್ಟಿದಳು.

"ರಿವರ್ಸಾ? ರೀಲು ಹಿಂದಕ್ಕೆ ಓಡಿಸೋದಾ?" ಯಜಮಾನರು ಎದ್ದೇ ನಿಂತರು. ಡಬ್ಬ ಉರುಳಿ ಗೋಡೆಗೆ ಬಡಿಯಿತು. "ಯಾರ್ರೀ ಈ ಕಾನೂನು ಮಾಡಿದ್ದು? ಮೊದ್ಲೇ ಹೇಳ್ಬಾರ್ದಾ? ಆ ಕಟ್ಟಲ್ಲಿರೋ ಡ್ರ್ಯಾಗನ್ ನಂದು, ಕೊಡಿ ಇಲ್ಲಿ!"

ಕೋಣೆಯ ಬಾಗಿಲು ತೆರೆಯಿತು. ನಿದ್ದೆಗಣ್ಣಿನ ನರ್ಸಮ್ಮ, ಕೆದರಿದ ಕೂದಲು. "ಯಾರದು ಗಲಾಟೆ?"

ಏಳು ಬೆರಳು ಒಂದೇ ಕಡೆ ತಿರುಗಿದವು.

"ಅಂಕಲ್, ಸ್ವಲ್ಪ ಮೆತ್ತಗೆ. ಜನ ಮಲಗಿದಾರೆ," ಅಂದವಳು ಬಾಗಿಲು ಹಾಕಿಕೊಂಡಳು.

ಬೇಲಿಯೇ ಎದ್ದು ಹೊಲ ಮೇಯ್ದಾಗ ಬೇಲಿಗೆ ಹೇಗನ್ನಿಸುತ್ತದೋ ನಾನು ಅಂದು ಕಂಡೆ. ಯಜಮಾನರು ಡಬ್ಬ ಎತ್ತಿ, ಸದ್ದಾಗದಂತೆ ಇಟ್ಟು ಕೂತರು. ಕಾರ್ಡು ನೋಡುತ್ತಲೇ ಅಂದರು: "ಥಿಯೇಟರಲ್ಲಿ ಜನ ಕೂಗಿದ್ರು ಅಂದ್ರೆ ರೀಲ್ ಕಟ್ಟಾಯ್ತು ಅಂತಲೇ ನನಗೆ ಅರ್ಥ. ಈಗ್ಲೂ ಮೇಲೆ ನೀವು ಹೋ ಅಂದ್ರೆ ಎದ್ದು ಓಡ್ಬೇಕು ಅನ್ಸುತ್ತೆ. ಎಲ್ಲಿಗೆ ಓಡ್ಲಿ?"

ಅಷ್ಟು ಹೊತ್ತು ಅವರ ಮೇಲೆ ಕುದಿಯುತ್ತಿದ್ದ ನಾನು ಕುದಿಯನ್ನು ಓನರಿನ ಕಡೆ ತಿರುಗಿಸಿಕೊಂಡೆ. ಅದೇ ಸರಿಯಾದ ವಿಳಾಸ. ಮೇಲಿನವರನ್ನೂ ಕೆಳಗಿನವರನ್ನೂ ಒಬ್ಬರ ಮುಖ ಒಬ್ಬರು ನೋಡದಂತಿಟ್ಟು, ನಡುವೆ ಫೋನ್ ಹಿಡಿದು ಕೂತವರು ಅವರಲ್ಲವೇ?

ಕಟ್ಟುಗಳು ಮುಗಿದು ಕಾಳಗ ಶುರುವಾಯಿತು. ಯಜಮಾನರಿಗೆ ಎದುರಾಳಿ ಡ್ರೈವರಮ್ಮ. ಹಟ ಹಿಡಿದು ಪಡೆದ ಡ್ರ್ಯಾಗನ್ ಇನ್ನೊಂದೇ ಏಟು ಹಾಕಿದರೆ ಗೆಲುವು ಅವರದೇ. ಆಗ ಫೋನು ಹೊಡೆದುಕೊಂಡಿತು, ಓನರಿನದು.

ಎಲ್ಲರ ಕೈಯೂ ನಿಂತಿತು. ಚಿಲಕ ಕಾರ್ಡು ಕೆಳಗಿಟ್ಟು ನೆಲ ನೋಡಿದ. ಈ ಮನೆಯಲ್ಲಿ ಮುಂದಿನ ತಿಂಗಳು ಬಾಗಿಲು ಇಳಿಯುತ್ತದೋ ಇಲ್ಲವೋ, ಈಗ ಗೊತ್ತಾಗಬೇಕು.

"ಹಲೋ. ಹ್ಞೂಂ, ನಾನೇ. ಇಲ್ಲ, ಮೇಲಿದೀನಿ... ಗಲಾಟೆನಾ? ಆಯ್ತು ಸ್ವಾಮಿ, ಜೋರಾಗೇ ಆಯ್ತು. ನಂದೇ." ಅವರ ಕಣ್ಣು ಡ್ರ್ಯಾಗನ್ ಮೇಲೇ ಇತ್ತು. "ದೂರು? ಯಾವ ದೂರೂ ಇಲ್ಲ, ಹಳೇದನ್ನೂ ವಾಪಸ್ ತಗೊಂಡೆ. ಈಗ ಗಲಾಟೆ ಮಾಡ್ತಿರೋರು ನೀವೊಬ್ರೇ. ನನ್ನ ಸರದಿ ಇದೆ, ಇಡಿ ಫೋನು."

ಪಿಸುಮಾತೆಲ್ಲ ಮರೆತು ಏಳೂ ಜನ ಹೋ ಎಂದೆವು. ಒಳಗಿಂದ ನರ್ಸಮ್ಮ ಗೋಡೆ ಗುದ್ದಿದಳು. ಆ ಗದ್ದಲದಲ್ಲೇ ಡ್ರೈವರಮ್ಮ ಒಂದು ಮಂತ್ರದ ಕಾರ್ಡು ಎಸೆದು ಡ್ರ್ಯಾಗನ್ನನ್ನು ಸುಟ್ಟುಹಾಕಿದಳು.

"ಫೋನಿಂದ ಸೋತೆ," ಅಂದರು ಯಜಮಾನರು. ಸಂಜೆಯವರೆಗೂ ಅದನ್ನೇ ಅಂದರು.

ಬಾಗಿಲು ಮತ್ತೆ ಏರಿಸುವಾಗ ಅವರೇ ಕೆಳತುದಿ ಹಿಡಿದರು. ಚಿಲಕ ಕೀಲುಗಳಿಗೆ ಸ್ಕ್ರೂ ತಿರುಗಿಸುತ್ತಿದ್ದ.

"ಮುಂದಿನ ಸಲ ನರ್ಸಮ್ಮ ಎದ್ದಿರ್ತಾಳಲ್ಲ. ನಾನು ಒಂಬತ್ತನೆಯವನಾದ್ರೆ ಜೋಡಿ ತಪ್ಪುತ್ತೆ," ಅಂದರು, ಮುಖ ಆಚೆ ತಿರುಗಿಸಿ.

"ಹೌದು ಯಜಮಾನ್ರೇ, ತಪ್ಪುತ್ತೆ."

"ನನ್ನ ಎದುರು ಮನೇಲಿ ಒಬ್ಳಿದಾಳೆ. ನಾನು ರೇಡಿಯೊ ಜೋರಾಗಿ ಹಾಕ್ತೀನಿ ಅಂತ ದೂರು ಹೇಳ್ತಾನೇ ಇರ್ತಾಳೆ. ಕರ್ಕೊಂಡು ಬರ್ಲಾ?"

ಚಿಲಕ ಬಾಗಿಲನ್ನು ಒಮ್ಮೆ ಹಾಕಿ ತೆಗೆದು ನೋಡಿದ. "ಹತ್ತು ಜನಕ್ಕೆ ಈ ಬಾಗಿಲು ಸಾಲಲ್ಲ."

"ಅದಕ್ಯಾಕೆ ಯೋಚ್ನೆ?" ಅಂದರು ಯಜಮಾನರು. "ನಮ್ಮನೇದೂ ಬಿಚ್ಚು."