ನೀರು ಹಾಕದ ಹೊನ್ನಕ್ಕ

ಯಾರ ಮನೆಯಲ್ಲಾದರೂ ಮಗುವಿಗೆ ನೀರು ಹಾಕಲು ಹಂಡೆ ಕಾಯಲಿಟ್ಟರೆಂದು ಗೊತ್ತಾದರೆ ಸಾಕು, ಹೊನ್ನಕ್ಕ ಸೆರಗು ಕೊಡವಿಕೊಂಡು ಎದ್ದುಬಿಡುತ್ತಿದ್ದಳು. "ಹಸ ಕಟ್ಬೇಕು ಕಣವ್ವ" ಎನ್ನುವುದು ಮಾಮೂಲಿ ನೆಪ. ಹಸು ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಾ ನಿಂತಿದ್ದರೂ ಅದೇ ನೆಪ. ಮಗುವನ್ನು ಒರೆಸಿ, ಸಾಂಬ್ರಾಣಿ ಹೊಗೆ ಕೊಟ್ಟು, ತೊಟ್ಟಿಲಿಗೆ ಹಾಕಿದ ಮೇಲೆಯೇ ಅವಳ ಮುಖ ಮತ್ತೆ ಕಾಣುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಗಂಡನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಕೆಲಸ ಸಿಕ್ಕಿತು. ಬಾಗಲಗುಂಟೆಯಲ್ಲಿ ಹೊನ್ನಕ್ಕನ ಮನೆಯ ಒಂದು ಭಾಗಕ್ಕೆ ಬಾಡಿಗೆಗೆ ಬಂದೆವು. ಐವತ್ತು ದಾಟಿದ ವಿಧವೆ, ಒಂಟಿ ಜೀವ. ಮೊದಲ ವಾರ ನಾನು ಮರ್ಯಾದೆಯಿಂದ "ನೀವು" ಎಂದರೆ ಹಿಂತಿರುಗಿ ನೋಡಿ, "ಇನ್ಯಾರವ್ವ ಬಂದವ್ರೆ ನನ್ ಜೊತೆ?" ಎಂದಳು. ಅಂದಿನಿಂದ "ನೀನು" ಆಯಿತು. ಕಾರ್ಖಾನೆಯ ಸೈರನ್ನಿಗೆ ಬೆದರಿ ಓಡುವ ಕೋಳಿಗಳಿಗೂ ಅವಳು ದಿನಾ ಸಮಾಧಾನ ಹೇಳಬೇಕಿತ್ತು: "ನಿಮ್ನಲ್ಲ ಕಣ್ರೇ ಕರೀತಿರಾದು, ಡೂಟಿಗೋಗೋರ್ನ." ಹೇಳಲು ಇಷ್ಟವಿಲ್ಲದ್ದನ್ನು ಯಾರಾದರೂ ಕೆದಕಿದರೆ ಮಾತ್ರ "ಇರ್ಲಿ ಬುಡು" ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದಳು. ಆಮೇಲೆ ಬ್ರಹ್ಮ ಬಂದರೂ ಬಾಯಿ ಬಿಡಿಸಲಾಗುತ್ತಿರಲಿಲ್ಲ.

ಬಾಗಿಲ ಪಕ್ಕದ ಗೋಡೆಯ ವಿಷಯವೂ ಇಂಥ "ಇರ್ಲಿ ಬುಡು"ಗಳಲ್ಲಿ ಒಂದು. ಆಗ ಮಲೇರಿಯಾದವರು ಜ್ವರ ವಿಚಾರಿಸಲು ಮನೆಮನೆಗೆ ಬಂದು, ಗೋಡೆಯ ಮೇಲೆ ಒಂದು ಚೌಕ ಎಳೆದು, ಮನೆ ನಂಬರು, ಬಂದ ತಾರೀಖು ಬರೆದು ಹೋಗುತ್ತಿದ್ದರು. ಯುಗಾದಿ ಬಂತೆಂದರೆ ಊರವರೆಲ್ಲ ಅದರ ಮೇಲೆ ಸುಣ್ಣ ಬಳಿದು ಕೈತೊಳೆದುಕೊಳ್ಳುತ್ತಿದ್ದರು. ಹೊನ್ನಕ್ಕನ ಗೋಡೆಯಲ್ಲಿ ಮಾತ್ರ ಹಳೆಯ ಚೌಕವೊಂದು ಹಾಗೇ ಉಳಿದಿತ್ತು. ಅವಳು ಅದರ ಸುತ್ತ ಹುಷಾರಾಗಿ ಸುಣ್ಣದ ಕುಂಚ ತಿರುಗಿಸುತ್ತಿದ್ದಳು. "ಸರ್ಕಾರದವರು ಬಂದು ಹಿಡ್ಕೊಂಡು ಹೋಗ್ತಾರೆ ಅಂತ ಭಯಾನಾ?" ಎಂದು ನಾನು ಛೇಡಿಸುತ್ತಿದ್ದೆ.

ನನಗೆ ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಅಮ್ಮ ಊರಿಗೆ ಹೊರಟ ಮೇಲೆ ನನ್ನ ಗತಿ ಕೇಳಬೇಡಿ. ಎಳೆಮಗುವಿಗೆ ನೀರು ಹಾಕುವುದು ನನಗೆ ಬರುತ್ತಲೇ ಇರಲಿಲ್ಲ. ಹೊನ್ನಕ್ಕ ಬಜೆ ತೇಯ್ದು ನೆಕ್ಕಿಸುತ್ತಿದ್ದಳು, ದೃಷ್ಟಿ ತೆಗೆಯುತ್ತಿದ್ದಳು, ಸೊಂಟದ ಮೇಲೆ ಕೂರಿಸಿಕೊಂಡು ಕೋಳಿ ತೋರಿಸುತ್ತಿದ್ದಳು. ನೀರು ಹಾಕು ಅಂದರೆ ಮಾತ್ರ ಹಸು ಕಟ್ಟಲು ಹೊರಟುಬಿಡುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗದೆ, "ನಮ್ಮ ಮಗು ಏನು ನಿನಗೆ ಮೈಲಿಗೆಯಾ?" ಎಂದು ರೇಗಿಬಿಟ್ಟೆ.

ಅವಳು ಬಾಗಿಲಲ್ಲೇ ಕುಕ್ಕರಿಸಿ ಕುಳಿತಳು.

"ನನ್ಗೂ ಒಂದಿತ್ತು ಕಣವ್ವ. ನಂಜುಂಡ ಅಂತ. ಆಗ್ತಾನೆ ನಡೆಯಾಕೆ ಕಲ್ತಿದ್ದ. ಜ್ವರ ಬರಾದು, ಬುಡಾದು, ಇಂಗೇ ಆಗ್ತಿತ್ತು. ಮಲೇರಿಯಾದೋನು ಬಂದು ಬೆರ್ಳಿಗೆ ಚುಚ್ಚಿ ರಕ್ತ ತಗಂಡು, ಗೋಡೆ ಮ್ಯಾಲೆ ಬರ್ದು ಒಂಟೋದ. ಮಾರ್ನೆ ದಿನ ಜ್ವರ ಇಳೀತು. ಮೈಯೆಲ್ಲಾ ಬೆವ್ರು. ಪಾಪ, ಅಂಟಂಟು ಅಂತ ಅಳ್ತಾ ಅವ್ನೆ ಅಂತ ನೀರು ಉಯ್ದೆ. ಸಂಜೀಗೆ ಮತ್ತೆ ಏರ್ತು ನೋಡು, ಇಳೀನೇ ಇಲ್ಲ."

ನೀರು ಉಯ್ದು ಮಗೀನ ತಿಂದ್ಕೊಂಡೆ ಎಂದು ಅತ್ತೆ ಅಂದಳಂತೆ. ಸಾಯುವವರೆಗೂ ಅನ್ನುತ್ತಲೇ ಇದ್ದಳಂತೆ. ಗಂಡ ಹಾಗೆ ಅನ್ನಲಿಲ್ಲ. ಹಾಗಲ್ಲ ಅಂತಲೂ ಅನ್ನಲಿಲ್ಲ. ನಾನು ಮಗುವನ್ನು ಅವಳ ಮಡಿಲಿಗೆ ಹಾಕಿ ಪಕ್ಕದಲ್ಲಿ ಕುಳಿತೆ. ಆಮೇಲೆ ನೀರಿನ ಮಾತೆತ್ತಲಿಲ್ಲ.

ಆ ಮಳೆಗಾಲ ನನ್ನ ಗಂಡನಿಗೆ ಜ್ವರ ಬಂತು. ಮಲೇರಿಯಾದ ಹುಡುಗ ರಕ್ತ ತೆಗೆದುಕೊಂಡು ಹೋಗಿ, ಸ್ವಲ್ಪ ದಿನ ಬಿಟ್ಟು ಬಂದು, "ಏನಿಲ್ಲಕ್ಕ, ಬರೀ ಶೀತದ ಜ್ವರ" ಎಂದ.

"ಅದೆಂಗ್ ಗೊತ್ತಾಯ್ತಪ್ಪ?" ಎಂದಳು ಅಲ್ಲೇ ಇದ್ದ ಹೊನ್ನಕ್ಕ.

"ರಕ್ತ ನೋಡಿ ಆಸ್ಪತ್ರೇಲಿ ಬರೆದಿಟ್ಕೊಂಡಿರ್ತಾರೆ ಅಜ್ಜಿ."

"ಎಲ್ಲಾರ್ದೂವಾ? ಅಳೇದೂವಾ?"

"ಹುಳ ತಿಂದಿಲ್ಲ ಅಂದ್ರೆ ಹಳೇದೂ ಇರುತ್ತೆ."

ಅವರು ಬರೆಯುವುದೆಲ್ಲ ಗೋಡೆಯ ಮೇಲಿನದಷ್ಟೇ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಆ ಸಂಜೆಯೇ ಚೌಕದಲ್ಲಿದ್ದ ನಂಬರು, ತಾರೀಖುಗಳನ್ನು ನನ್ನ ಕೈಯಲ್ಲಿ ಒಂದು ಚೀಟಿಗೆ ಬರೆಸಿಕೊಂಡಳು. ಮರುದಿನ ಹಬ್ಬದ ಸೀರೆ ಉಟ್ಟು ನನ್ನನ್ನೂ ಮಗುವನ್ನೂ ಹೊರಡಿಸಿದಳು.

ತುಮಕೂರು ರಸ್ತೆಯ ಆ ಆಸ್ಪತ್ರೆಯ ಗುಮಾಸ್ತರು ತಲೆ ಎತ್ತದೆ, "ಏನು, ಜಮೀನಿನ ಕೇಸಾ?" ಎಂದರು. ಕಾರ್ಖಾನೆಗಳಿಗೆ ಹೊಲ ಹೋದವರೆಲ್ಲ ಪರಿಹಾರಕ್ಕೆಂದು ಹುಟ್ಟುಸಾವಿನ ಹಳೆಯ ಕಾಗದ ಹುಡುಕಿಕೊಂಡು ಅಲೆಯುತ್ತಿದ್ದ ಕಾಲ ಅದು. ಸಂಗತಿ ತಿಳಿಸಿದೆ. "ಸತ್ತಿರೋ ಮಗೂದು ಈಗ ಯಾಕಮ್ಮಾ? ಹಂಗೆಲ್ಲ ಹೊರಗಿನವರಿಗೆ ರೆಕಾರ್ಡ್ ತೋರ್ಸಕ್ಕಾಗಲ್ಲ" ಎಂದರು.

"ನಾನು ಒರಗಿನೋಳಾ ಸಾಮಿ?" ಹೊನ್ನಕ್ಕನ ದನಿ ಏರಿತು. "ನಮ್ ಗೋಡೆ ಮ್ಯಾಲೆ ನೀವು ಬರ್ದಾಗ ಯಾಕ್ ಬರ್ದ್ರಿ ಅಂತ ನಾನ್ ಕೇಳಿದ್ನಾ? ನನ್ ಮಗೀನ ರಕ್ತ ತಗಂಡು ನೀವು ಬರ್ಕಂಡಿರಾದ ನಾನು ನೋಡ್ಬಾರ್ದಾ?"

ಗುಮಾಸ್ತರು ಕೊನೆಗೆ, ಕಾರಣ ಬರೆದು ಅರ್ಜಿ ಕೊಡಿ, ಡಾಕ್ಟರು ಒಪ್ಪಿದರೆ ನೋಡೋಣ ಎಂದರು. ಜಮೀನಿನ ಕೆಲಸಕ್ಕೆ ಅಂತಲೇ ಬರೆದರೆ ಬೇಗ ಆಗುತ್ತೆ ಅಂತ ನಾನು ಅವಳ ಕಿವಿಯಲ್ಲಿ ಹೇಳಿದೆ. "ಜಮೀನ್ ಯಾವನಿಗ್ ಬೇಕವ್ವ? ಇದ್ದಿದ್ದ ಇದ್ದಂಗೇ ಬರಿ" ಎಂದಳು. ಮಗು ಜ್ವರದಿಂದ ಸತ್ತಿತೋ ನಾನು ನೀರು ಹಾಕಿದ್ದರಿಂದ ಸತ್ತಿತೋ ತಿಳಿಯಬೇಕಾಗಿದೆ ಎಂದು ಅವಳ ಪರವಾಗಿ ಬರೆದೆ. ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದಳು.

ಡಾಕ್ಟರು ಅದನ್ನು ಎರಡು ಸಲ ಓದಿದರು. ಆಮೇಲೆ ನಮ್ಮ ಚೀಟಿಯನ್ನು ಗುಮಾಸ್ತರ ಕೈಗಿತ್ತು ಒಳಗಿನಿಂದ ಹಳೆಯ ರಿಜಿಸ್ಟರ್ ತರಿಸಿದರು. ನಂಜುಂಡ ಅದರಲ್ಲಿದ್ದ.

"ಮಲೇರಿಯಾನೇ ಕಣಮ್ಮ. ಮಿದುಳಿಗೆ ಏರೋ ಅಂಥಾದ್ದು."

"ರಕ್ತ ತಗಂಡಿದ್ದು ನೀರು ಉಯ್ಯಾಕೆ ಮುಂಚೆ ಸಾಮಿ. ಒಂದಿನ ಮೊದ್ಲು."

"ಹಾಗಿದ್ರೆ ಕಾಯಿಲೇನೂ ಮುಂಚೇನೇ ಇತ್ತು. ನೀರಿಂದ ಬಂದಿದ್ದಲ್ಲಮ್ಮ. ಜ್ವರ ಬಂದ ಮಗೂಗೆ ಮೈ ಒದ್ದೆ ಬಟ್ಟೇಲಿ ಒರೆಸಿ ಅಂತ ನಾವೇ ಹೇಳ್ತೀವಿ. ನಿಮ್ಮ ತಪ್ಪೇನೂ ಇಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಹೊನ್ನಕ್ಕ ಅಳಲಿಲ್ಲ. ಹೆಸರು ಎಲ್ಲಿದೆ ಅಂತ ಕೇಳಿ, ಆ ಅಕ್ಷರಗಳ ಉದ್ದಕ್ಕೂ ಮೆಲ್ಲಗೆ ಬೆರಳಾಡಿಸಿದಳು. "ಇಷ್ಟುದ್ದ ಐತಾ ಇವನ್ ಹೆಸ್ರು!" ಎಂದಳು.

ಮರುದಿನ ಬೆಳಿಗ್ಗೆ ನಾನು ಒಲೆ ಊದುತ್ತಿದ್ದಾಗ ಸೀರೆ ಎತ್ತಿ ಕಟ್ಟಿಕೊಂಡು ಬಂದಳು. "ನೀರು ಕಾದದಾ? ಕೊಡು ಇಲ್ಲಿ ಮಗೀನ." ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡಳು. ಮೊಣಕೈ ಅದ್ದಿ ಬಿಸಿ ನೋಡಿದಳು, ತಣ್ಣೀರು ಬೆರೆಸಿದಳು, ಮತ್ತೆ ಅದ್ದಿ ನೋಡಿದಳು. ತಲೆಗೆ ನೀರು ಹಾಕುವ ಮೊದಲು ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹಾಕಿದಳು. ಅಷ್ಟು ವರ್ಷ ಸುಮ್ಮನಿದ್ದ ಆ ಕೈಗಳಿಗೆ ಎಲ್ಲವೂ ನೆನಪಿತ್ತು. ಮಗಳು ತೊಟ್ಟಿಲಲ್ಲಿ ಗಾಢವಾಗಿ ನಿದ್ದೆ ಹೋದಳು. ಹೊನ್ನಕ್ಕ ಮಾತ್ರ ಸಂಜೆ ಸೈರನ್ ಆಗುವವರೆಗೂ ಅವಳ ಹಣೆ ಮುಟ್ಟಿ ನೋಡುತ್ತಾ ಪಕ್ಕದಲ್ಲೇ ಕುಳಿತಿದ್ದಳು. ಜ್ವರ ಬರಲಿಲ್ಲ.

ಅಲ್ಲಿಂದ ಬೀದಿಯ ಎಳೆಗೂಸುಗಳೆಲ್ಲ ಅವಳ ಕಾಲ ಮೇಲೆ ಮಲಗಿದವು. ನಾವು ನಾಗಸಂದ್ರದಲ್ಲಿ ಮನೆ ಕಟ್ಟಿಕೊಂಡು ಹೋದ ಮೇಲೆ, ನನ್ನ ಮಗನಿಗೆ ನೀರು ಹಾಕಲು ದಿನಾ ನಡೆದೇ ಬರುತ್ತಿದ್ದಳು. ಗೋಡೆಯ ಚೌಕಕ್ಕೆ ಮಾತ್ರ ಕೊನೆಯವರೆಗೂ ಸುಣ್ಣ ಬೀಳಲಿಲ್ಲ. ಇನ್ನೂ ಯಾಕೆ ಅಂತ ಕೇಳಿದರೆ, "ಇರ್ಲಿ ಬುಡು."

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಅವಳನ್ನು ಅಂಗಳಕ್ಕೆ ತಂದಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಚೊಂಬಿನಲ್ಲಿ ನೀರು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ನೀರು ಮುಟ್ಟಿ ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ಒಳಗೆ ಹೋಗಿ ಒಲೆಯ ಮೇಲಿನ ಹಂಡೆಯಿಂದ ಬಿಸಿನೀರು ತಂದು ಬೆರೆಸತೊಡಗಿದೆ. "ಈಗ ಬಿಸಿನೀರ್ಯಾಕವ್ವಾ?" ಎಂದು ಯಾರೋ ಕೇಳಿದರು.

ಇರಲಿ ಬಿಡಿ ಎಂದೆ. ಮೊಣಕೈ ಅದ್ದಿ ಹದ ನೋಡಿ, ಅವಳ ತಲೆಗೆ ಮೆಲ್ಲಗೆ ನೀರು ಹಾಕಿದೆ.